ಕೆಂಪು ಪಟ್ಟಿಯ ಹಸುಗಳ ನಾಡಿನಲ್ಲಿ

ಪಲ್ಲವಿ, ಚರಣ್, ನಿಮ್ಮ ಅಜ್ಜಿ ನಾನು ಡೆನ್ಮಾರ್ಕಿಗೆ ಹೋಗಿ ಬಂದದ್ದರಲ್ಲಿ ನಿಮಗೆ ನೆನಪಿರುವುದು ಚಾಕಲೇಟು ಮತ್ತು ಅಲ್ಲಿಂದ ತಂದ ನೀಲಿ ಪ್ಲಾಸ್ಟಿಕ್ಕಿನ ಕಾಲುಚೀಲ ಮಾತ್ರ. ಅದನ್ನು ಹಾಕಿಕೊಂಡು ಮನೆಯೆಲ್ಲ ಜಾರಾಡಿ ಅಮ್ಮನ ಕೈಯಲ್ಲಿ ಬೈಸಿಕೊಂಡಿರಿ. ಮಿಕ್ಕದ್ದನ್ನು ನಾನು ಯಾರಿಗೂ ಸರಿಯಾಗಿ ಹೇಳಿಲ್ಲ. ಎದುರಿಗೆ ನಾಲ್ಕು ಜನ ಕೂತರೆ ನನ್ನ ಬಾಯಿ ಕಟ್ಟಿಹೋಗುತ್ತದೆ. ಬರೆಯುವಾಗ ಆ ಕಷ್ಟವಿಲ್ಲ, ಯಾರೂ ಮುಖ ನೋಡುವುದಿಲ್ಲ. ಬೂದಿಕೋಟೆ ಸ್ಕೂಲಿನಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇನ್ನೂ ಕೈ ಬಿಟ್ಟಿಲ್ಲ. ನೀವು ಸ್ವಲ್ಪ ದೊಡ್ಡವರಾದ ಮೇಲೆ ಓದಿ. ನಮ್ಮ ಹಸು ಚುಕ್ಕಿಯ ವಿಷಯಕ್ಕೆ ನನ್ನ ಮೇಲೆ ಮುನಿಸಿಕೊಂಡು ಊಟ ಬಿಟ್ಟಿರಲ್ಲ, ಅದಕ್ಕೂ ಉತ್ತರ ಇದರಲ್ಲೇ ಇದೆ.

ಬಂಗಾರಪೇಟೆ

ನಮ್ಮೂರ ಮಹಿಳಾ ಹಾಲಿನ ಸಂಘಕ್ಕೆ ನಾನು ಅಧ್ಯಕ್ಷೆಯಾದದ್ದು ಜಾಣತನದಿಂದಲ್ಲ. ಎರಡು ಗುಂಪಿನವರು ಜಗಳವಾಡಿಕೊಂಡು, ಕೊನೆಗೆ ಯಾರಿಗೂ ಎದುರು ಮಾತಾಡದ ಮುನಿಯಮ್ಮನೇ ಇರಲಿ ಎಂದು ನನ್ನನ್ನು ಕೂರಿಸಿದರು. ನಾನೂ ಸುಮ್ಮನೆ ಕೂತೆ.

ಹೋದ ಬೇಸಿಗೆಯಲ್ಲಿ ಒಂದು ದಿನ ಸಂಘದ ಹಾಲು ಡೇರಿಯಿಂದ ವಾಪಸ್ ಬಂತು. ಪರೀಕ್ಷೆಯಲ್ಲಿ ಔಷಧಿಯ ಅಂಶ ಸಿಕ್ಕಿದೆ ಎಂದು ಕ್ಯಾನುಗಳನ್ನು ನಮ್ಮ ಬಾಗಿಲಲ್ಲೇ ಇಳಿಸಿ ಹೋದರು. ಹಸುವಿಗೆ ಸೂಜಿ ಹಾಕಿಸಿದರೆ ಔಷಧಿ ಹಾಲಿಗೆ ಇಳಿಯುತ್ತದೆ, ಅದು ಹೋಗುವವರೆಗೆ ಆ ಹಾಲನ್ನು ಸಂಘಕ್ಕೆ ತರಬಾರದು. ಈ ನಿಯಮ ನಮಗೆ ಗೊತ್ತಿಲ್ಲದ್ದಲ್ಲ. ಸಂಘದ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಅಂಟಿಸಿದೆ. ಯಾರದೋ ಒಂದು ಮನೆಯ ಹಾಲು ಎಲ್ಲರ ಹಾಲನ್ನೂ ಕೆಡಿಸಿತ್ತು. ಯಾರ ಮನೆಯದು ಎಂದು ಸ್ವಲ್ಪ ಹೊತ್ತು ಕೂಗಾಟ ನಡೆಯಿತು. ಆಮೇಲೆ ಎಲ್ಲರೂ ಮನೆಗೆ ಹೋಗಿ ಚೊಂಬು, ಬಿಂದಿಗೆ ತಂದು ಆ ಹಾಲನ್ನು ಹಂಚಿಕೊಂಡರು. ಹಾಲನ್ನು ಚೆಲ್ಲುವುದುಂಟೇ? ಕೈತಪ್ಪಿ ಒಂದು ಹನಿ ನೆಲಕ್ಕೆ ಬಿದ್ದರೂ ಬೆರಳಲ್ಲಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು ನಾವು. ಚೆಲ್ಲಿದರೆ ಹಸುವಿನ ಕೆಚ್ಚಲು ಬತ್ತುತ್ತದೆ ಎಂದು ನನ್ನ ಅತ್ತೆ ಹೇಳಿದ್ದನ್ನು ನಿಮ್ಮ ಅಮ್ಮನಿಗೆ ನಾನೇ ಹೇಳಿಕೊಟ್ಟಿದ್ದೆ. ಅವತ್ತು ಊರಿನ ಮಕ್ಕಳೆಲ್ಲ ಹೊಟ್ಟೆ ತುಂಬ ಹಾಲು ಕುಡಿದರು. ನೀವೂ ಕುಡಿದಿರಿ.

ಇದಾದ ಮೇಲೆ ಹಾಲಿನ ಸಂಘಗಳಿಗೆ ತರಬೇತಿ ಕೊಡುವ ಒಂದು ಸಂಸ್ಥೆಯವರು ಬಂದರು. ಔಷಧಿ ಕಡಿಮೆ ಮಾಡಿ ಹಸು ಸಾಕುವುದನ್ನು ನೋಡಿಕೊಂಡು ಬರಲು ಬೇರೆ ಬೇರೆ ಊರಿನ ಕೆಲವು ಹೆಂಗಸರನ್ನು ಡೆನ್ಮಾರ್ಕಿಗೆ ಕರೆದುಕೊಂಡು ಹೋಗುತ್ತೇವೆ ಎಂದರು. ಹಾಲು ವಾಪಸ್ ಬಂದ ಸಂಘ ಎಂದು ನಮ್ಮದನ್ನೂ ಆರಿಸಿದರು. ನಾಚಿಕೆಯ ವಿಷಯದಿಂದ ಬಂದ ಮರ್ಯಾದೆ ಇದು.

ಹೊರಡುವ ಹಿಂದಿನ ದಿನ ಚುಕ್ಕಿಯ ಕೆಚ್ಚಲು ಊದಿಕೊಂಡಿತು. ಮುಟ್ಟಿದರೆ ಬಿಸಿ. ಹಿಂಡಿದರೆ ಹಾಲು ಒಡಕು ಒಡಕಾಗಿ ಬಂತು.

ನಿಮ್ಮ ತಾತ ಕೆಜಿಎಫ್ ಚಿನ್ನದ ಗಣಿಯ ಮೈಸೂರು ಮೈನ್ಸಿನಲ್ಲಿ ನೆಲದೊಳಗೆ ಇಳಿದು ದುಡಿದವರು. ಗಣಿ ಮುಚ್ಚಿದ ಮೇಲೆ ಕೈಗೆ ಬಂದದ್ದರಲ್ಲಿ ಒಂದು ಹಸು ತಂದು ಕಟ್ಟಿದರು. ಚುಕ್ಕಿ ಆ ಹಸುವಿನ ಪೀಳಿಗೆಯದೇ. ನಿಮ್ಮ ಅಪ್ಪ ದಿನಾ ಬೆಳಗಿನ ರೈಲಿಗೆ ಬೆಂಗಳೂರಿಗೆ ಪೇಂಟಿಂಗ್ ಕೆಲಸಕ್ಕೆ ಹೋಗುತ್ತಾನೆ. ಕೆಲಸ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ತಪ್ಪದೆ ಮನೆ ನಡೆಸಿದ್ದು ಚುಕ್ಕಿ. ಕೊಟ್ಟಿಗೆಯಲ್ಲಿದ್ದದ್ದೂ ಅದೊಂದೇ. ಅದರ ಕೆಚ್ಚಲು ಹೋದರೆ ನಮಗೆ ಬೇರೇನೂ ಇರಲಿಲ್ಲ.

ಸೂಜಿ ಸೀನಪ್ಪ ಬಂದ. ಅವನು ಡಾಕ್ಟರಲ್ಲ. ಹಿಂದೆ ಒಬ್ಬ ಪಶುವೈದ್ಯರ ಜೊತೆ ಓಡಾಡಿ ಸೂಜಿ ಹಾಕುವುದನ್ನು ಕಲಿತವನು. ಸರ್ಕಾರಿ ಡಾಕ್ಟರಿಗೆ ಸುತ್ತಲಿನ ಅಷ್ಟೂ ಹಳ್ಳಿ. ಅವರು ಬರುವಷ್ಟರಲ್ಲಿ ಹಸು ಸತ್ತಿರುತ್ತದೆ, ಇಲ್ಲ ಬದುಕಿರುತ್ತದೆ. ಸೀನಪ್ಪ ಕರೆದ ತಕ್ಷಣ ಬೈಕಿನಲ್ಲಿ ಬರುತ್ತಾನೆ. ಬಂದು ಎರಡು ಸೂಜಿ ಹಾಕಿದ. ಯಾವ ಔಷಧಿ ಎಂದು ನಾವು ಕೇಳಲಿಲ್ಲ. ಯಾವತ್ತೂ ಕೇಳಿದ್ದಿಲ್ಲ.

ನಾನು ಹೋಗುವುದಿಲ್ಲ ಎಂದೆ. ಮಂಜುಳ, ಎಂದರೆ ನಿಮ್ಮ ಅಮ್ಮ, ಬ್ಯಾಗಿನ ಜಿಪ್ಪು ಎಳೆಯುತ್ತಾ ಹೇಳಿದಳು: “ನೀವು ಓಗಿ ಅತ್ತೆ. ನೀವಿಲ್ಲಿ ಕೂತಿದ್ರೆ ಅದ್ರ ಬಾವು ಇಳೀತದಾ? ನಾನ್ ನೋಡ್ಕೋತೀನಿ.”

ಬಂಗಾರಪೇಟೆಯಲ್ಲಿ ರೈಲು ಹತ್ತಿದಾಗ ಮಾರಿಕುಪ್ಪಂನಿಂದ ಬಂದವರು ಆಗಲೇ ಸೀಟು ತುಂಬಿದ್ದರು. ತಮಿಳು, ತೆಲುಗು, ಕನ್ನಡ ಎಲ್ಲ ಒಟ್ಟಿಗೆ ಕೇಳುತ್ತಿತ್ತು. ಒಬ್ಬಾಕೆ ಜಾಗ ಮಾಡಿಕೊಟ್ಟು, ಎಲ್ಲಿಗೆ ಇಷ್ಟು ದೊಡ್ಡ ಬ್ಯಾಗು ಎಂದು ಕೇಳಿದಳು. ಡೆನ್ಮಾರ್ಕಿಗೆ ಎನ್ನಲು ನಾಚಿಕೆಯಾಗಿ ವೈಟ್‌ಫೀಲ್ಡಿಗೆ ಎಂದೆ. ವೈಟ್‌ಫೀಲ್ಡ್ ಬಂದಾಗ ಆಕೆ ನನ್ನನ್ನು ಎಬ್ಬಿಸಿ, ಬ್ಯಾಗು ಎತ್ತಿಕೊಟ್ಟು, ಇಳಿಸಿಯೇ ಬಿಟ್ಟಳು. ಮುಂದಿನ ರೈಲಿಗೆ ಕಾಯಬೇಕಾಯಿತು.

ವಿಮಾನ

ವಿಮಾನ ನಿಲ್ದಾಣದಲ್ಲಿ ಸರೋಜಮ್ಮ ಸಿಕ್ಕಳು. ಚಿಂತಾಮಣಿ ಕಡೆಯ ಸಂಘದವಳು, ಅರ್ಧ ತೆಲುಗು, ಅರ್ಧ ಕನ್ನಡ, ಪೂರ್ತಿ ಧೈರ್ಯ. ಆ ಪ್ರವಾಸದಲ್ಲಿ ನಾನು ಮಾತಾಡದೆ ಬಿಟ್ಟದ್ದನ್ನೆಲ್ಲ ಅವಳೇ ಆಡಿದಳು. ನಮ್ಮ ಜೊತೆಗೆ ಸಂಸ್ಥೆಯಿಂದ ಅನಿತಾ ಮೇಡಂ ಬಂದಿದ್ದರು. ಅಲ್ಲಿಯವರ ಮಾತನ್ನು ನಮಗೆ, ನಮ್ಮದನ್ನು ಅವರಿಗೆ ಹೇಳುವುದು ಅವರ ಕೆಲಸ.

ತಪಾಸಣೆಯವರು ನನ್ನ ಬ್ಯಾಗಿನಿಂದ ರಾಗಿ ಹಿಟ್ಟಿನ ಗಂಟು ತೆಗೆದು ಮೂಸಿ ನೋಡಿದರು. “ಇಟ್ಟು ಸಾರ್, ಮುದ್ದೆ ಇಟ್ಟು. ಬೇಕಾದ್ರೆ ಒಲೆ ಅಚ್ಚಿ, ಮಾಡ್ಕೊಡ್ತೀವಿ” ಎಂದಳು ಸರೋಜಮ್ಮ. ಅವರು ನಕ್ಕು ಬಿಟ್ಟರು.

ಆಕಾಶದಲ್ಲಿ ನಾನು ನೋಡಿದ್ದು ಮೋಡವನ್ನಲ್ಲ, ಚುಕ್ಕಿಯ ಕೆಚ್ಚಲನ್ನು. ಬಿಸಿನೀರಿನ ಬಟ್ಟೆ ಒತ್ತಲು ಹೇಳಿದ್ದೆನೋ ಇಲ್ಲವೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಹಾಸ್ಟೆಲ್

ನಮ್ಮನ್ನು ಇಳಿಸಿದ್ದು ಒಂದು ಹಳ್ಳಿಯ ಹಾಸ್ಟೆಲ್ಲಿನಲ್ಲಿ. ಹಳ್ಳಿ ಎಂದರೆ ನಾಯಿ ಬೊಗಳುವುದಿಲ್ಲ, ಯಾರೂ ಯಾರನ್ನೂ ಕೂಗುವುದಿಲ್ಲ. ಊಟದ ಹೊತ್ತಾದರೂ ಹೊತ್ತು ಮುಳುಗುವುದಿಲ್ಲ. ಅಲ್ಲಿ ಆ ಕಾಲದಲ್ಲಿ ಸೂರ್ಯನಿಗೆ ಮನೆಗೆ ಹೋಗುವ ಮನಸ್ಸಿರುವುದಿಲ್ಲವಂತೆ. ಬೆಳಕು ಇರುವಾಗಲೇ ಪರದೆ ಎಳೆದು ಮಲಗುವುದು ನನಗೆ ಕಾಯಿಲೆಯವರ ಮನೆಯ ಹಾಗೆ ಕಾಣಿಸಿತು.

ಎರಡು ದಿನ ಬ್ರೆಡ್ಡು ತಿಂದು ಸಾಕಾಗಿ ಅಡುಗೆಮನೆಯಲ್ಲಿ ಮುದ್ದೆ ತೊಳಸಿ, ಸಾರಿಗೆ ಒಗ್ಗರಣೆ ಹಾಕಿದೆವು. ಮೆಣಸಿನಕಾಯಿ ಎಣ್ಣೆಗೆ ಬಿದ್ದದ್ದೇ ತಡ, ಚಾವಣಿಯಿಂದ ಬೆಂಕಿಯ ಗಂಟೆ ಹೊಡೆಯತೊಡಗಿತು. ಇಡೀ ಹಾಸ್ಟೆಲ್ಲಿನವರು ಚಡ್ಡಿ, ಟವೆಲ್ಲಿನಲ್ಲೇ ಹುಲ್ಲಿನ ಮೇಲೆ ಬಂದು ಸಾಲಾಗಿ ನಿಂತರು. ಯಾರೂ ಬೈಯಲಿಲ್ಲ. ನಮ್ಮೂರಾಗಿದ್ದರೆ ಬೈದು, ಆಮೇಲೆ ಬಂದು ಏನು ಸಾರು ಎಂದು ಕೇಳುತ್ತಿದ್ದರು. ಇವರು ಬೈಯಲೂ ಇಲ್ಲ, ಕೇಳಲೂ ಇಲ್ಲ. ಒಬ್ಬ ಮುದುಕಪ್ಪ ಮಾತ್ರ ರುಚಿ ನೋಡಲು ಬಂದು ಮುದ್ದೆಯನ್ನು ಬಹಳ ಹೊತ್ತು ಅಗಿದ. ನುಂಗಬೇಕು ಎಂದು ಸನ್ನೆ ಮಾಡಿ ತೋರಿಸಿದೆ. ನುಂಗಿದ ಮೇಲೆ ಅವನ ಕಣ್ಣಲ್ಲಿ ನೀರು.

ಹಾಸ್ಟೆಲ್ಲಿನ ಮುಂದಿನ ರಸ್ತೆಯಲ್ಲಿ ಒಂದು ಮೇಜು. ಅದರ ಮೇಲೆ ಮೊಟ್ಟೆ, ಆಲೂಗಡ್ಡೆ, ಪಕ್ಕದಲ್ಲಿ ಒಂದು ಡಬ್ಬಿ. ಮಾರುವವರು ಯಾರೂ ಇಲ್ಲ. ಬೇಕಾದವರು ತೆಗೆದುಕೊಂಡು ಡಬ್ಬಿಗೆ ಹಣ ಹಾಕಿ ಹೋಗುತ್ತಾರೆ. ಸರೋಜಮ್ಮ ಒಂದಿಡೀ ಮಧ್ಯಾಹ್ನ ಕಿಟಕಿಯಲ್ಲಿ ಕೂತು, ಯಾರಾದರೂ ಕದಿಯುತ್ತಾರೇನೋ ಎಂದು ಕಾದಳು. ಯಾರೂ ಕದಿಯಲಿಲ್ಲ. “ಥೂ, ಇದೇನ್ ಊರಕ್ಕಾ” ಎಂದು ಬೇಸರದಿಂದ ಎದ್ದುಬಂದಳು.

ಸಂಜೆ ಮಂಜುಳನ ಫೋನು ಬಂತು. ಬಾವು ಸ್ವಲ್ಪ ಇಳಿದ ಹಾಗಿದೆ, ಸೀನಪ್ಪ ಇನ್ನೊಂದು ಬಣ್ಣದ ಸೂಜಿ ಹಾಕಿದ್ದಾನೆ ಎಂದಳು. ನನಗೆ ಅರ್ಧ ಜೀವ ಬಂತು.

ಕರೆನ್ ಅವರ ಕೊಟ್ಟಿಗೆ

ಮಾರನೆಯ ದಿನ ಕರೆನ್ ಎಂಬ ಹೆಂಗಸಿನ ಕೊಟ್ಟಿಗೆಗೆ ಹೋದೆವು. ನನ್ನ ವಯಸ್ಸಿನವಳು, ನನಗಿಂತ ಎರಡು ಪಟ್ಟು ಎತ್ತರ, ಗಂಡಸಿನ ಕೈ. ಒಳಗೆ ಬಿಡುವ ಮೊದಲು ಸೀರೆಯ ಮೇಲೆ ಕತ್ತಿನಿಂದ ಪಾದದವರೆಗಿನ ಒಂದು ಅಂಗಿ ತೊಡಿಸಿ, ಕಾಲಿಗೆ ಆ ನೀಲಿ ಚೀಲ ಹಾಕಿಸಿದರು. ಹೊರಗಿನ ಕಾಯಿಲೆ ಹಸುಗಳಿಗೆ ಬರಬಾರದಂತೆ. ಸೀರೆಯನ್ನೆಲ್ಲ ಒಳಗೆ ತುರುಕಿದ ಮೇಲೆ ನಾನು ಹುರುಳಿ ತುಂಬಿದ ಮೂಟೆಯ ಹಾಗೆ ಕಂಡೆ. ಔಷಧಿಗಿಂತ ಮೊದಲು ಚೊಕ್ಕಟ ಎಂದು ಕರೆನ್ ಹೇಳಿದಳಂತೆ. ನಮ್ಮ ಹಸುಗಳು ತಮ್ಮ ಸಗಣಿಯ ಮೇಲೆಯೇ ಮಲಗಿರುವುದು ನೆನಪಾಯಿತು.

ಕೊಟ್ಟಿಗೆ ನಮ್ಮೂರ ಕೆರೆಯಷ್ಟು ಉದ್ದ. ಹಸುಗಳ ನಡುವೆ ಅಲ್ಲಲ್ಲಿ ಒಂದೊಂದರ ಹಿಂಗಾಲಿಗೆ ಕೆಂಪು ಪಟ್ಟಿ ಕಟ್ಟಿತ್ತು. ಏನಿದು, ದೃಷ್ಟಿಗೋ ಎಂದು ಕೇಳಿಸಿದೆ. ಔಷಧಿ ನಡೆಯುತ್ತಿರುವ ಹಸು, ಹಾಲು ಬೆರೆಯಬಾರದು ಎಂಬ ಗುರುತು ಎಂದರು ಅನಿತಾ ಮೇಡಂ. ಸರೋಜಮ್ಮ ಹಿಂದಿದ್ದವರಿಗೆ ಅದನ್ನು ತನ್ನ ಮಾತಿನಲ್ಲಿ, ಇವು ಮಂದು ಹಾಕಿಕೊಂಡಿರುವ ಹಸುಗಳು ಎಂದು ಹೇಳಿದಳು. ತೆಲುಗಿನ ಮಂದು ಎಂದರೆ ಔಷಧಿಯೂ ಹೌದು, ಹೆಂಡವೂ ಹೌದು. ಹೇಳಿದ ಮೇಲೆ ಅವಳಿಗೇ ನಗು ತಡೆಯಲಿಲ್ಲ.

“ನಮ್ಮನೇವ್ನೂ ದಿನಾ ಮಂದು ಆಕ್ಕೊಂಡೇ ಬತ್ತಾನೆ. ಅವನ ಕಾಲಿಗೂ ಇಂಥದೊಂದು ಕಟ್ಟಿದ್ರೆ ಊರೋರು ದೂರ ಇರ್ತಾರೆ.”

ನಾವೆಲ್ಲ ನಕ್ಕೆವು. ಕರೆನ್ ಏನೆಂದು ಕೇಳಿ, ಅನಿತಾ ಮೇಡಂ ಹೇಳಿದ ಮೇಲೆ ಅವಳೂ ಜೋರಾಗಿ ನಕ್ಕಳು. ನಗುತ್ತಲೇ ಒಂದು ಕೆಂಪು ಪಟ್ಟಿಯ ಹಸುವಿನ ಹಾಲನ್ನು ಬೇರೆ ಬಕೆಟ್ಟಿಗೆ ಕರೆದಳು. ನೊರೆ ಹಾಲು, ಬೆಚ್ಚಗಿನ ವಾಸನೆ. ಆ ಬಕೆಟ್ಟನ್ನು ಎತ್ತಿಕೊಂಡು ಹೋಗಿ ಸಗಣಿ ಹರಿಯುವ ಕಾಲುವೆಗೆ ಬಗ್ಗಿಸಿದಳು.

ನಾನು ಏನು ಮಾಡುತ್ತಿದ್ದೇನೆ ಎಂದು ನನಗೆ ತಿಳಿಯುವ ಮೊದಲೇ ಓಡಿಹೋಗಿ ಎರಡೂ ಬೊಗಸೆ ಒಡ್ಡಿದ್ದೆ. ಸರೋಜಮ್ಮ ನೀರಿಗೆಂದು ತಂದಿದ್ದ ಸ್ಟೀಲ್ ಲೋಟ ಒಡ್ಡಿದ್ದಳು. ಹಾಲು ಕೈಗಳ ಮೇಲೆ ಬಿದ್ದು ಬೆರಳ ಸಂದಿಯಲ್ಲಿ ಇಳಿದುಹೋಯಿತು. ನಾನು ಒದ್ದೆ ಬೆರಳನ್ನು ಕಣ್ಣಿಗೊತ್ತಿಕೊಂಡೆ. ಕರೆನ್ ಗಾಬರಿಯಾಗಿ ಬಕೆಟ್ಟು ಬಿಟ್ಟು ನನ್ನ ಕೈ ಹಿಡಿದಳು. ನಮಗೆ ಬಾಯಾರಿಕೆ ಎಂದುಕೊಂಡಿರಬೇಕು. ಓಡಿಹೋಗಿ ಒಳ್ಳೆಯ ಹಾಲನ್ನು ದೊಡ್ಡ ಲೋಟದಲ್ಲಿ ತಂದು ಕೊಟ್ಟಳು. ಕೊಟ್ಟು, ಕಾಲುವೆಯ ಕಡೆ ಬೆರಳು ತೋರಿಸಿ ಬೇಡ ಬೇಡ ಎಂದು ತಲೆಯಾಡಿಸಿದಳು. ಕುಡಿಸಬೇಡಿ, ಕರುವಿಗೂ ಕುಡಿಸಬೇಡಿ, ಕುದಿಸಿದರೂ ಔಷಧಿ ಹೋಗುವುದಿಲ್ಲ ಎಂದು ಅನಿತಾ ಮೇಡಂ ಕನ್ನಡದಲ್ಲಿ ಹೇಳಿದರು.

ಆಗ ಕರೆನ್‌ಳನ್ನು ಯಾರೂ ನೋಡುತ್ತಿರಲಿಲ್ಲ. ಅಧಿಕಾರಿ ಇರಲಿಲ್ಲ, ಪರೀಕ್ಷೆ ಮಾಡುವವರು ಇರಲಿಲ್ಲ. ರಸ್ತೆಯ ಮೊಟ್ಟೆಯ ಮೇಜಿನ ಹಾಗೆ ಇದೂ ತನ್ನಷ್ಟಕ್ಕೆ ನಡೆಯುತ್ತಿತ್ತು. ಲೋಟದ ಹಾಲು ಕೈಯಲ್ಲೇ ಇತ್ತು, ನನಗೆ ಕುಡಿಯಲು ಆಗಲಿಲ್ಲ. ಚುಕ್ಕಿಗೆ ಸೂಜಿ ಬಿದ್ದ ದಿನದಿಂದ ಅದರ ಹಾಲನ್ನು ಸಂಘಕ್ಕೆ ಹಾಕಿಲ್ಲ ಎಂದು ಮಂಜುಳ ಹೇಳಿದ್ದಳು. ಹಾಗಾದರೆ ಆ ಹಾಲು ಎಲ್ಲಿಗೆ ಹೋಯಿತು ಎಂದು ನಾನು ಕೇಳಿರಲೇ ಇಲ್ಲ.

ಅಲ್ಲೇ ಗೋಡೆಯ ಪಕ್ಕ ನಿಂತು ಫೋನು ಮಾಡಿದೆ. ಮಂಜುಳ ಸಮಾಧಾನವಾಗಿಯೇ ಹೇಳಿದಳು: ಒಡಕನ್ನು ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ಕಾಯಿಸಿ ನಿಮಗೆ ಕುಡಿಸುತ್ತಿದ್ದಾಳೆ, ಮಿಕ್ಕದ್ದು ಪಕ್ಕದ ರತ್ನಮ್ಮನ ಮನೆಗೆ. ಕುಡಿಸಬೇಡ, ಚೆಲ್ಲಿಬಿಡು ಎಂದೆ.

“ಆಲ್ನಾ? ಅತ್ತೆ, ಮಾತಾಡ್ತಿರೋದು ನೀವೇ ತಾನೆ?”

ಹಾಲನ್ನು ಗುಂಡಿಗೆ ಹಾಕು, ಸೀನಪ್ಪನನ್ನು ನಿಲ್ಲಿಸು, ಬಂಗಾರಪೇಟೆ ಪಶು ಆಸ್ಪತ್ರೆಗೆ ಒಂದು ಸೀಸೆ ಹಾಲು ಒಯ್ದು ಪರೀಕ್ಷೆಗೆ ಕೊಡು ಎಂದೆ. ಕರೆನ್‌ಳ ಡಾಕ್ಟರು ಹಾಗೆಯೇ ಮಾಡುತ್ತಾರೆ. ಹಾಲಿನಲ್ಲಿರುವ ಕಣ್ಣಿಗೆ ಕಾಣದ ಹುಳ ಯಾವ ಔಷಧಿಗೆ ಸಾಯುತ್ತದೆ ಎಂದು ಮೊದಲು ನೋಡಿ, ಆಮೇಲೆ ಅದೊಂದನ್ನೇ ಕೊಡುತ್ತಾರೆ. ಯಾವುದಕ್ಕೂ ಸಾಯದಿದ್ದರೆ ಎಂದು ನಾನು ಕೇಳಿಸಿದೆ. ಕರೆನ್ ಹಸುವಿನ ಬೆನ್ನು ತಟ್ಟುತ್ತಾ ಹೇಳಿದಳು. ಮನುಷ್ಯರಿಗೆಂದು ಎತ್ತಿಟ್ಟ ಕೆಲವು ಔಷಧಿಗಳಿವೆ, ಹುಳಕ್ಕೆ ಅವೂ ಅಭ್ಯಾಸವಾದರೆ ಮನುಷ್ಯರಿಗೆ ಏನೂ ಉಳಿಯುವುದಿಲ್ಲ, ಅವನ್ನು ಮುಟ್ಟುವ ಹಾಗಿಲ್ಲ. ಹಸುವನ್ನು ಕಳಿಸಿಬಿಡುತ್ತೇವೆ.

ರಾಜಧಾನಿಯ ಕಚೇರಿ

ರಾಜಧಾನಿಗೆ ರೈಲಿನಲ್ಲಿ ಹೋದೆವು. ಆ ಡಬ್ಬಿಯಲ್ಲಿ ಮಾತಾಡಬಾರದಂತೆ. ಗಂಟೆಗಟ್ಟಲೆ ಸುಮ್ಮನೆ ಕೂರುವ ಕಷ್ಟಕ್ಕೆ ಸರೋಜಮ್ಮನಿಗೆ ತಲೆನೋವು ಬಂತು. ನನಗೆ ಮಾತ್ರ ಜೀವನದಲ್ಲಿ ಮೊದಲ ಸಲ ನನ್ನಂಥವರಿಗೆಂದೇ ಮಾಡಿದ ರೈಲು ಸಿಕ್ಕಿತ್ತು. ಹೋಟೆಲಿನ ಹೊರಗೆ ಗಾಡಿಗಳಲ್ಲಿ ಕೂಸುಗಳನ್ನು ಚಳಿಯಲ್ಲೇ ಮಲಗಿಸಿ, ತಾಯಂದಿರು ಒಳಗೆ ಕೂತು ಕಾಫಿ ಕುಡಿಯುತ್ತಿದ್ದರು. ನಾವು ಒಳಗೆ ಹೋಗದೆ ಆ ಕೂಸುಗಳಿಗೆ ಕಾವಲು ನಿಂತೆವು. ತಾಯಂದಿರು ಕಿಟಕಿಯಿಂದ ನಮ್ಮನ್ನೇ ಅನುಮಾನದಿಂದ ನೋಡಿದರು.

ಸರ್ಕಾರಿ ಕಚೇರಿಯಲ್ಲಿ ಒಬ್ಬ ಅಧಿಕಾರಿ, ತೆಳ್ಳಗಿನ ಮನುಷ್ಯ, ತಮ್ಮ ದೇಶದ ಕಾನೂನನ್ನು ವಿವರಿಸಿದರು. ಮೊದಲು ಹಂದಿ, ಕೋಳಿ ಬೇಗ ಕೊಬ್ಬಲೆಂದು ಮೇವಿನಲ್ಲಿ ಹುಳ ಸಾಯಿಸುವ ಇದೇ ಔಷಧಿ ಬೆರೆಸುತ್ತಿದ್ದರಂತೆ, ಅದನ್ನು ನಿಲ್ಲಿಸಿದರು. ಔಷಧಿ ಬರೆದುಕೊಡುವ ಡಾಕ್ಟರು ಅದರ ಮಾರಾಟದಿಂದ ಲಾಭ ಮಾಡುವ ಹಾಗಿಲ್ಲ ಎಂದೂ ಕಾನೂನು ಮಾಡಿದರು. ಯಾವ ಕೊಟ್ಟಿಗೆಗೆ ಎಷ್ಟು ಔಷಧಿ ಹೋಯಿತು ಎಂಬುದು ಸರ್ಕಾರಕ್ಕೆ ಗೊತ್ತಿರುತ್ತದೆ. ಹಂದಿ ಸಾಕುವವರಲ್ಲಿ ಮಿತಿ ಮೀರಿದವರಿಗೆ ಹಳದಿ ಕಾರ್ಡು ಕೊಡುತ್ತಾರೆ.

“ಅಳದಿ ಕಾರ್ಡಾ?” ಎಂದಳು ಸರೋಜಮ್ಮ. “ಅಂಗಾದ್ರೆ ಅವರಿಗೆ ಅಕ್ಕಿ ಎಷ್ಟು ಕೊಡ್ತಾರೆ ಕೇಳಿ ಮೇಡಂ.”

ಹಿಂದೆ ನಮ್ಮಲ್ಲಿ ಬಡವರಿಗೆ ಕೊಡುತ್ತಿದ್ದ ರೇಷನ್ ಕಾರ್ಡು ಹಳದಿ. ಅಲ್ಲಿ ಹಳದಿ ಎಂದರೆ ಎಚ್ಚರಿಕೆ, ಫುಟ್‌ಬಾಲ್ ಆಟದಲ್ಲಿ ತೋರಿಸುವ ಹಾಗೆ. ಅನಿತಾ ಮೇಡಂ ನಗುತ್ತಾ ಎರಡೂ ಕಡೆಯವರಿಗೆ ವಿವರಿಸಿದರು. ನಮ್ಮ ದೇಶದಲ್ಲೂ ಕಾನೂನು ಇದೆ, ಡಾಕ್ಟರ ಚೀಟಿ ಇಲ್ಲದೆ ಔಷಧಿ ಕೊಡಬಾರದು, ಕೆಲವನ್ನು ಹಸು, ಕೋಳಿಗಳಿಗೆ ಕೊಡಲೇಬಾರದು ಎಂದು ಸರ್ಕಾರ ನಿಷೇಧಿಸಿದೆ ಎಂದೂ ಹೇಳಿದರು. ಆ ಅಧಿಕಾರಿ ಬಹಳ ಸಂತೋಷ ಎಂದರು. ನನಗೆ ಸೀನಪ್ಪನ ಬೈಕಿನ ಚೀಲ ಕಣ್ಣ ಮುಂದೆ ಬಂತು.

ಏನಾದರೂ ಕೇಳುವುದಿದೆಯೇ ಎಂದರು. ಊರಿನಲ್ಲಿ ಒಬ್ಬರ ಮುಂದೆಯೂ ನಾನು ಎದ್ದು ನಿಂತು ಮಾತಾಡಿದವಳಲ್ಲ. ಅವತ್ತು ಎದ್ದು ನಿಂತೆ. ಮೇಜು ಹಿಡಿದುಕೊಂಡೆ.

“ಚೆಲ್ಲಿದ ಹಾಲಿಗೆ ಯಾರು ಕೊಡ್ತಾರೆ?”

ಅನಿತಾ ಮೇಡಂ ಅದನ್ನು ಅವರ ಭಾಷೆಗೆ ತಿರುಗಿಸಿದರು. ಯಾರೂ ಕೊಡುವುದಿಲ್ಲ, ಅದು ಸಾಕುವವರ ಜವಾಬ್ದಾರಿ ಎಂದರು ಅಧಿಕಾರಿ. ಅಷ್ಟು ಹಸುಗಳಲ್ಲಿ ಕೆಲವುಗಳ ಹಾಲು ಕೆಲವು ದಿನ ಹೋದರೆ ಅವರು ತಡೆದುಕೊಳ್ಳುತ್ತಾರೆ.

“ಒಂದೇ ಹಸು ಇರೋರು?”

ಆ ಅಧಿಕಾರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಅನಿತಾ ಮೇಡಂ ಇನ್ನೊಮ್ಮೆ ಹೇಳಿದರು. ಅವರು ನನ್ನ ಮುಖವನ್ನು ನೋಡಿ, ತಗ್ಗಿದ ದನಿಯಲ್ಲಿ ಉತ್ತರ ಕೊಟ್ಟರು. ಒಂದೇ ಹಸು ಇರುವವರು ಅವರ ದೇಶದಲ್ಲಿ ಈಗ ಇಲ್ಲ.

ನಾನು ಕೂತೆ. ಕರೆನ್‌ಳ ಹಳ್ಳಿಯಲ್ಲಿ ಮನೆಮನೆಯ ಪಕ್ಕದಲ್ಲಿ ಕಂಡಿದ್ದ ಉದ್ದನೆಯ ಕಲ್ಲಿನ ಕಟ್ಟಡಗಳು ನೆನಪಾದವು. ಒಂದರಲ್ಲಿ ಕಾರು, ಒಂದರಲ್ಲಿ ಹಳೆಯ ಕುರ್ಚಿ, ಒಂದಕ್ಕೆ ಬೀಗ. ಅವೆಲ್ಲ ಕೊಟ್ಟಿಗೆಗಳಾಗಿದ್ದವು. ಈಗ ಆ ಊರಿನ ಹಸುಗಳೆಲ್ಲ ಕರೆನ್‌ಳ ಒಂದು ಕೊಟ್ಟಿಗೆಯಲ್ಲಿವೆ. ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಗಣಿ ಕೆಲಸದವರ ಲೈನ್ ಮನೆಗಳ ಮುಂದೆ ನಡೆದಾಗ ಆಗುತ್ತಿದ್ದ ಸಂಕಟವೇ ಆ ಹಳ್ಳಿಯಲ್ಲೂ ಆಗಿತ್ತು. ಯಾಕೆಂದು ಆಗ ತಿಳಿದಿರಲಿಲ್ಲ. ಕಾನೂನು ಪಾಲಿಸುವುದು ಹೇಗೆ ಎಂದು ಕಲಿಯಲು ಹೋಗಿದ್ದೆ. ಪಾಲಿಸುವಷ್ಟು ದೊಡ್ಡವರು ಮಾತ್ರ ಅಲ್ಲಿ ಉಳಿದಿದ್ದರು.

ಕಡಲ ದಂಡೆ

ಹೊರಡುವ ಮೊದಲು ಕಡಲು ತೋರಿಸಿದರು. ಬಿಸಿಲಿತ್ತು, ಬಿಸಿ ಇರಲಿಲ್ಲ. ಗಾಳಿಗೆ ಸೆರಗು ನಿಲ್ಲುತ್ತಿರಲಿಲ್ಲ. ಅಂಥ ನೀರಿನಲ್ಲಿ ಅಲ್ಲಿಯ ಮುದುಕಿಯರು ಈಜುತ್ತಿದ್ದರು. ನಾನು ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಅದನ್ನೇ ನೋಡುತ್ತಿದ್ದಾಗ ಫೋನು ಬಂತು.

“ಡಾಕ್ಟ್ರು ಏಳಿದ್ರು ಅತ್ತೆ. ನಮ್ ಚುಕ್ಕಿ ಆಲಲ್ಲಿರೋ ಉಳ ಅವರತ್ರ ಇರೋ ಯಾವ ಸೂಜಿಗೂ ಸಾಯಲ್ವಂತೆ. ಆಕಿ ಆಕಿ ಅದಕ್ಕೆ ಅಭ್ಯಾಸ ಆಗೋಗಿದೆಯಂತೆ. ಇನ್ನೊಂದ್ ಕಡೆ ಮೊಲೆಗೂ ಬಂದೈತೆ.”

ಗಾಳಿಯ ಸದ್ದಿಗೆ ಫೋನನ್ನು ಕಿವಿಗೆ ಒತ್ತಿ ಹಿಡಿದೆ.

“ಇನ್ನೊಂದು ಔಸ್ತಿ ಐತಂತೆ. ದೊಡ್ಡಾಸ್ಪತ್ರೇಲಿ ಮನುಷ್ಯರಿಗೆ ಕಡೇಲಿ ಆಕೋದು. ಅಸೂಗೆ ನಾನದ್ನ ಬರ್ಕೊಡಲ್ಲ ಅಂದ್ರು ಡಾಕ್ಟ್ರು. ಸೀನಪ್ಪ ಅದನ್ನೇ ತತ್ತೀನಿ ಅಂತವ್ನೆ. ನಾಳೆ ಬೆಳಿಗ್ಗೆ ಆಕ್ತಾನಂತೆ. ಆಕಿಸ್ಲಾ?”

ಚುಕ್ಕಿ ಎಂದರೆ ನಿಮ್ಮ ಅಪ್ಪನಿಗೆ ಕೆಲಸವಿಲ್ಲದ ದಿನದ ಅನ್ನ. ನಿಮ್ಮ ಸ್ಕೂಲು. ಮಂಜುಳ ನನ್ನನ್ನು ಕೇಳದೆಯೇ ಹಾಕಿಸಿಬಿಡಬಹುದಿತ್ತು, ನಾನು ಅವಳನ್ನು ಬೈಯುತ್ತಿರಲಿಲ್ಲ. ಅವಳು ಕೇಳಿದಳು.

ನಿಮ್ಮ ತಾತನ ಎದೆಯಲ್ಲಿ ಗಣಿಯ ದೂಳು ತುಂಬಿತ್ತು. ಕೊನೆಯಲ್ಲಿ ಜ್ವರ ಹತ್ತಿ ಇಳಿಯಲೇ ಇಲ್ಲ. ಆಸ್ಪತ್ರೆಯವರು ಒಂದಾದ ಮೇಲೊಂದು ಔಷಧಿ ಬದಲಿಸಿದರು. ಒಂದು ದಿನ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಹೊರಗೆ ಬಂದು, ಇನ್ನು ಬದಲಿಸಲು ನಮ್ಮ ಹತ್ತಿರ ಯಾವುದೂ ಉಳಿದಿಲ್ಲಮ್ಮ ಎಂದರು. ಅವರೂ ನನ್ನ ಹಾಗೆ ನೆಲ ನೋಡಿಕೊಂಡೇ ಮಾತಾಡಿದರು.

“ಅತ್ತೆ, ಇದೀರಾ?”

“ಇದೀನಿ.”

“ಏನೇಳ್ಲಿ ಅವನ್ಗೆ?”

“ಬ್ಯಾಡ ಅನ್ನು.”

“ಬ್ಯಾಡ ಅಂದ್ರೆ ಇದು ಓದಂಗೇ ಅತ್ತೆ.”

“ಊಂ.”

ಅವಳು ಅಳಲಿಲ್ಲ. ಸರಿ, ಇಡುತ್ತೇನೆ ಎಂದು ಫೋನು ಇಟ್ಟಳು. ಸರೋಜಮ್ಮ ಪಕ್ಕದಲ್ಲಿ ಮರಳಿನ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಸರಿ ಮಾಡಿದೆ ಎಂದು ಅವಳಾದರೂ ಹೇಳುತ್ತಾಳೆ ಎಂದುಕೊಂಡೆ. ಅವಳು ಸುಳ್ಳು ಹೇಳುವವಳಲ್ಲ.

“ನಾನಾಗಿದ್ರೆ ಆಕಿಸ್ಬುಡ್ತಿದ್ದೆ ಅಕ್ಕಾ” ಎಂದಳು.

ಮನೆ

ನಾನು ಬಂದಾಗ ಚುಕ್ಕಿ ನನ್ನ ವಾಸನೆ ಹಿಡಿದು ಕೂಗಿತು. ಕೆಚ್ಚಲು ಒಂದು ಕಡೆ ಕಲ್ಲಾಗಿತ್ತು. ನೋವು ಕಡಿಮೆಯಾಗಲೆಂದು ಎರಡು ಹೊತ್ತೂ ಹಿಂಡಿ, ಬಂದದ್ದನ್ನು ತಿಪ್ಪೆಯ ಪಕ್ಕ ಗುಂಡಿ ತೋಡಿ ಸುರಿದೆ. ಫಾರಿನ್ನಿಗೆ ಹೋಗಿ ಬಂದವಳು ಹಾಲು ಚೆಲ್ಲುವುದನ್ನು ಕಲಿತು ಬಂದಿದ್ದಾಳೆ ಎಂದು ಊರಲ್ಲಿ ಮಾತಾಯಿತು. ಸಂಘದ ಸಭೆಯಲ್ಲಿ ಕಂಡದ್ದನ್ನು ಹೇಳಲು ಎದ್ದೆ. ಕೆಂಪು ಪಟ್ಟಿಯ ವಿಷಯ ಹೇಳಿದೆ. ವಾಪಸ್ ಬಂದ ಹಾಲನ್ನು ಮಕ್ಕಳಿಗೆ ಕುಡಿಸಬಾರದು ಎಂದೆ. ಹಿಂದೆ ಕೂತಿದ್ದ ಒಬ್ಬಳು, ಪಟ್ಟಿ ಬೇಕಾದರೆ ಹಸುವಿಗೆ ಕಟ್ಟುತ್ತೇವೆ, ಅಷ್ಟು ದಿನ ನಮ್ಮ ಮನೆಯನ್ನು ನಿನ್ನ ಡೆನ್ಮಾರ್ಕಿನವರು ನಡೆಸುತ್ತಾರಾ ಎಂದು ಕೇಳಿದಳು. ಅವಳು ಕೊಂಕಿಗೆ ಕೇಳಿದ್ದಲ್ಲ. ಅವಳಿಗೂ ಒಂದೇ ಹಸು. ನಾನು ಕೂತುಕೊಂಡೆ.

ಚುಕ್ಕಿಯನ್ನು ಕಳಿಸಿದ್ದು ನೀವು ಸ್ಕೂಲಿಗೆ ಹೋದ ಮೇಲೆ. ದಲ್ಲಾಳಿ ಗೂಡ್ಸ್ ಆಟೋ ತಂದಿದ್ದ. ಸೂಜಿ ಹಾಕಿಸಿ ಇಷ್ಟು ದಿನವಾಗಿದೆ ಎಂದು ಅವನಿಗೆ ಹೇಳಲು ಹೋದೆ, ಅವನು ಕೇಳಿದ್ದು ಅದು ತಾನಾಗಿ ಹತ್ತುತ್ತದೆಯೇ ಎಂದು ಮಾತ್ರ. ಎಲ್ಲಿಗೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ನಿಮ್ಮ ಅಪ್ಪ ಅವತ್ತು ಕೆಲಸಕ್ಕೆ ಹೋಗದೆ ಗೋಡೆಗೆ ಒರಗಿ ನಿಂತಿದ್ದ. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಸೀನಪ್ಪ ಆ ಸೂಜಿಯನ್ನು ನಾನು ಬೇಡ ಎನ್ನುವ ಮೊದಲೇ ತಂದುಬಿಟ್ಟಿದ್ದನಂತೆ. ಇದು ನನಗೆ ಆಮೇಲೆ ಗೊತ್ತಾಯಿತು. ಅದೇ ವಾರ ಪಕ್ಕದ ಮನೆಯ ರತ್ನಮ್ಮನ ಹಸುವಿಗೂ ಕೆಚ್ಚಲು ಊದಿತು. ತಂದದ್ದು ಹಾಳಾಗಬಾರದು ಎಂದು ಅವನು ಅದನ್ನು ಅದಕ್ಕೆ ಹಾಕಿದ. ಆ ಹಸು ಎದ್ದು ಮೇವು ತಿಂದಿತು. ಈಗ ಬಿಂದಿಗೆ ತುಂಬ ಹಾಲು ಕೊಡುತ್ತಿದೆ. ಹಸುವಿಗೆ ಸಣ್ಣ ಕೆಮ್ಮು ಬಂದರೂ ರತ್ನಮ್ಮ ಅದೇ ಸೂಜಿ ಹಾಕಿಸುತ್ತಾಳೆ, ಬೇರೆ ಮನೆಗಳವರೂ ತಮ್ಮ ಹಸುಗಳಿಗೆ ಅದನ್ನೇ ಕೇಳಿ ಹಾಕಿಸುತ್ತಾರೆ. ಬೇಡ ಎಂದು ನಾನೊಮ್ಮೆ ಅವಳಿಗೆ ಹೇಳಿದೆ. ನಿನ್ನ ಹಸು ಹೋಯಿತು ಎಂದು ನನ್ನದೂ ಹೋಗಬೇಕಾ ಅಕ್ಕ ಎಂದಳು.

ರತ್ನಮ್ಮ ಕೆಟ್ಟವಳಲ್ಲ. ನಮ್ಮ ಕೊಟ್ಟಿಗೆ ಖಾಲಿಯಾಗಿದೆ, ಮಕ್ಕಳಿಗೆ ಹಾಲಿಲ್ಲ ಎಂದು ದಿನಾ ಬೆಳಿಗ್ಗೆ ಒಂದು ಚೊಂಬು ಹಾಲನ್ನು ನಮ್ಮ ಜಗಲಿಯ ಮೇಲೆ ತಂದಿಡುತ್ತಾಳೆ. ಚುಕ್ಕಿ ಇದ್ದಾಗ ನಾವು ಕೊಟ್ಟದ್ದನ್ನು ಅವಳು ಮರೆತಿಲ್ಲ. ಅದು ಸೂಜಿ ಬಿದ್ದ ದಿನದ ಹಾಲೋ ಅಲ್ಲವೋ ನನಗೆ ತಿಳಿಯುವ ದಾರಿಯಿಲ್ಲ. ಬೇಡ ಎಂದರೆ ಎರಡು ಮನೆಯ ನಡುವೆ ಮಾತು ನಿಲ್ಲುತ್ತದೆ. ಅದಕ್ಕೇ ತೆಗೆದುಕೊಳ್ಳುತ್ತೇನೆ. ಯಾರೂ ನೋಡದಾಗ ಹಿತ್ತಲಿಗೆ ಒಯ್ದು ಗುಂಡಿಗೆ ಸುರಿದು, ನಿಮಗೆ ಅಂಗಡಿಯ ಪ್ಯಾಕೆಟ್ ಹಾಲು ಕಾಯಿಸಿ ಕೊಡುತ್ತೇನೆ. ನೀನು ಒಂದು ದಿನ ನೋಡಿಬಿಟ್ಟೆ ಪಲ್ಲವಿ, ಹಾಲು ಒಡೆದಿತ್ತು ಎಂದು ನಿನಗೆ ಹೇಳಿದೆ. ಅದು ಒಡೆದಿರಲಿಲ್ಲ.

ಖಾಲಿ ಪಾತ್ರೆಯನ್ನು ಹಿಂದಿರುಗಿಸಬಾರದು. ತೊಳೆದ ಚೊಂಬಿಗೆ ಒಂದು ಉಂಡೆ ಬೆಲ್ಲ ಹಾಕಿ ನಿನ್ನ ಕೈಯಲ್ಲೇ ಕಳಿಸುತ್ತೇನೆ. ಇವತ್ತು ನೀನು ಬಾಗಿಲಲ್ಲಿ ನಿಂತು ಕೇಳಿದೆ.

“ಆಲು ಎಂಗಿತ್ತು ಅಂತ ಕೇಳ್ತಾರಜ್ಜಿ. ಏನೇಳ್ಲಿ?”

“ಚೆನ್ನಾಗಿತ್ತು ಅಂತ ಏಳು” ಎಂದೆ.